ಮೊಂತಿ ಹಬ್ಬಕ್ಕೆ ಮೊದಲು ಕುರಿಸು ರಸ್ತೆ ಸರಿ ಮಾಡಿ ಕೊಡಿ

ಗೆ,
ಕಾರ್ಯದರ್ಶಿಯವರು,
ನಗರಾಡಳಿತ ಕಚೇರಿ, ಕಾಸರಗೋಡು ಜಿಲ್ಲೆ

ವಿಷಯ: ಕುರಿಸಿನ (ಶಿಲುಬೆಯ) ಕಟ್ಟೆಯಿಂದ ಇಗರ್ಜಿ (ಚರ್ಚ್) ವರೆಗಿನ ರಸ್ತೆ, ಮುರಿದ ಸ್ಲ್ಯಾಬ್, ಉಕ್ಕುವ ಚರಂಡಿ. ಮತ್ತೆ ಅದೇ ಮನವಿ.

ಮಾನ್ಯರೇ,

ನಮಸ್ಕಾರ. ವಿಷಯ ನಿಮಗೆ ಹೊಸದಲ್ಲ. ಇದೇ ಅರ್ಜಿಯ ಹಳೆಯ ಪ್ರತಿಗಳು ನಿಮ್ಮ ಕಪಾಟಿನಲ್ಲೇ ಇವೆ, ಹುಡುಕಿಸಿದರೆ ಸಿಗುತ್ತವೆ.

ಆಗಸ್ಟ್ 30ಕ್ಕೆ ನಮ್ಮ ನೊವೆನ, ಅಂದರೆ ಹಬ್ಬಕ್ಕೆ ಮುಂಚಿನ ಒಂಬತ್ತು ದಿನದ ಪ್ರಾರ್ಥನೆ ಶುರು, ಸೆಪ್ಟೆಂಬರ್ 8ಕ್ಕೆ ಮೊಂತಿ ಹಬ್ಬ, ಮರಿಯಮ್ಮ ಹುಟ್ಟಿದ ದಿನ, ನಮ್ಮ ಕ್ರೈಸ್ತರ ತೆನೆ ಹಬ್ಬ. ಒಂಬತ್ತು ದಿನವೂ ಮಕ್ಕಳು ಬುಟ್ಟಿಯಲ್ಲಿ ಹೂ ಹಿಡಿದು ಇದೇ ರಸ್ತೆಯಲ್ಲಿ ಬರುತ್ತಾರೆ. ಅರ್ಧ ಹೂ ಪಕ್ಕದ ಬ್ಯಾರಿ ಮುಸ್ಲಿಮರ ಅಂಗಳದ್ದು, ಅವರೇ ಕೊಯ್ದು ಕೊಡುತ್ತಾರೆ. ಹಬ್ಬದ ಬೆಳಿಗ್ಗೆ ಕುರಿಸಿನ ಹತ್ತಿರ ಪಾದ್ರಿಯವರು ತೆನೆ ಆಶೀರ್ವದಿಸಿದ ಮೇಲೆ ಬಾಲೆ ಮರಿಯಮ್ಮನ ಪ್ರತಿಮೆ ಹೊತ್ತು ಇಗರ್ಜಿಗೆ ಮೆರವಣಿಗೆ. ಮನೆಗೊಂದು ತೆನೆ ಸಿಗುತ್ತದೆ. ಅದರ ಕಾಳು ಸುಲಿದು ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಹಾಕಿ, ಮನೆಯ ಹಿರಿಯರು ಎಲ್ಲರಿಗೂ ಕೊಟ್ಟ ಮೇಲೆಯೇ ಹೊಸ ಅಕ್ಕಿಯ ಊಟ. ಮಕ್ಕಳು ದುಬಾಯಿಯಲ್ಲೋ ಬೆಂಗಳೂರಿನಲ್ಲೋ ಇದ್ದರೆ ನಾಲ್ಕು ಕಾಳು ಕವರಿಗೆ ಹಾಕಿ ಅಂಚೆಗೆ ಹಾಕುತ್ತೇವೆ. ಈಗ ನಮ್ಮ ಬೀದಿಯಲ್ಲಿ ಕವರುಗಳೇ ಜಾಸ್ತಿ, ಊಟಕ್ಕೆ ಕೂರುವವರು ಕಡಿಮೆ. ಅದು ನಿಮ್ಮ ತಪ್ಪಲ್ಲ.

ಆದರೆ ಚರಂಡಿ ನಿಮ್ಮದು. ಮೇಲಿನ ಬೈಲಿನ ಗದ್ದೆ ಇದ್ದಾಗ ಮಳೆನೀರು ಅಲ್ಲಿ ನಿಂತು ನಿಧಾನಕ್ಕೆ ತೋಡಿಗೆ (ಹಳ್ಳಕ್ಕೆ) ಹೋಗುತ್ತಿತ್ತು. ನಮ್ಮ ತೆನೆಯೂ ಅಲ್ಲಿಂದಲೇ ಬರುತ್ತಿತ್ತು, ಈಗ ಬೇರೆ ಊರಿಂದ ತರಿಸುತ್ತೇವೆ. ಗದ್ದೆ ತುಂಬಿಸಬಾರದೆಂದು 2008ರಲ್ಲೇ ಕೇರಳದಲ್ಲಿ ಕಾಯ್ದೆ ಬಂದಿದೆ, ಆದರೂ ಈ ಗದ್ದೆಗೆ ಲಾರಿಲಾರಿ ಕೆಂಪು ಮಣ್ಣು ಬಿತ್ತು, ಕಟ್ಟಡ ಎದ್ದಿತು, ಅದಕ್ಕೆ ಕಟ್ಟಡ ನಂಬರೂ ಸಿಕ್ಕಿತು. ಅದರ ನೀರು ಬಿಡಲು ಮಾಡಿದ ಚರಂಡಿ ಮಾತ್ರ ನಮ್ಮ ರಸ್ತೆಯ ಮಧ್ಯದಲ್ಲಿ ನಿಂತುಹೋಗಿದೆ. ತೋಡಿನವರೆಗೆ ತಲುಪಿಸಲು ಯಾರಿಗೂ ಪುರುಸೊತ್ತಿಲ್ಲ. ಮಳೆ ಬಂದರೆ ಆ ಹೊಲಸು ಪೂರ್ತಿ ನಮ್ಮ ಅಂಗಳಕ್ಕೆ, ಅಲ್ಲಿಂದ ಬಾವಿಗೆ. ಇಲಿಜ್ವರ ಬರುತ್ತದೆ, ಕೊಳಕು ನೀರಿಗೆ ಕಾಲಿಡಬೇಡಿ ಎಂದು ಮೈಕಿನಲ್ಲಿ ಹೇಳಿಸುತ್ತೀರಿ. ಮತ್ತೆ ನಾವು ಎಲ್ಲಿ ಕಾಲಿಡಬೇಕು ಅಂತಲೂ ಹೇಳಿಸಿ. ಕಳೆದ ಹಬ್ಬಕ್ಕೆ ಪ್ರತಿಮೆ ಹೊತ್ತವರು ಮೊಣಕಾಲು ನೀರಲ್ಲಿ ನಡೆದರು, ಅಜ್ಜಿಯಂದಿರನ್ನು ರಿಕ್ಷಾದಲ್ಲಿ ಸುತ್ತು ದಾರಿಯಿಂದ ಕಳಿಸಬೇಕಾಯಿತು.

ದೂರು ಕೊಡಲಿಲ್ಲ ಎಂದು ಮಾತ್ರ ಹೇಳಬೇಡಿ. ಮೊದಲು ಬಾಯಲ್ಲಿ ಹೇಳಿದೆವು. ಬರೆದು ಕೊಡಿ ಎಂದರು, ಬರೆದು ಕೊಟ್ಟೆವು. ಎಂಜಿನಿಯರ್ ನೋಡಬೇಕು ಎಂದರು. ಅವರು ಬಂದು ಟೇಪು ಹಿಡಿದು ಅಳೆದು ಹೋದರು, ಆಮೇಲೆ ಅವರಿಗೆ ವರ್ಗ. ಹೊಸಬರು ಫೈಲೇ ಇಲ್ಲ ಎಂದರು. ಮತ್ತೆ ಕೊಟ್ಟೆವು. ಮಾರ್ಚ್ ಕಳೆಯಲಿ, ಫಂಡ್ ಬರಲಿ, ಚುನಾವಣೆ ಮುಗಿಯಲಿ, ಮಳೆ ನಿಲ್ಲಲಿ! ಆನ್‌ಲೈನಿನಲ್ಲಿ ಹಾಕಿದರೆ ‘ಪರಿಹರಿಸಲಾಗಿದೆ’ ಎಂದು ಮೆಸೇಜು ಬಂತು, ಸ್ಲ್ಯಾಬ್ ಮುರಿದ ಹಾಗೇ ಇತ್ತು. ಮಾಹಿತಿ ಹಕ್ಕಿನಲ್ಲಿ ಕೇಳಿದೆವು, 30 ದಿನ ಕಳೆದರೂ ಸುದ್ದಿ ಇಲ್ಲ. ಕೊನೆಗೆ ಬಂದ ಉತ್ತರ ಮಲಯಾಳದಲ್ಲಿತ್ತು, ಓದಿಸಲು ಪಕ್ಕದ ಅಂಗಡಿಗೆ ಹೋಗಬೇಕಾಯಿತು. ಭಾಷಾ ಅಲ್ಪಸಂಖ್ಯಾತ ಪ್ರದೇಶದಲ್ಲಿ ಕನ್ನಡದಲ್ಲಿ ಬರೆದವರಿಗೆ ಕನ್ನಡದಲ್ಲೇ ಉತ್ತರ ಕೊಡಬೇಕೆಂದು ಕೇರಳದ 1969ರ ಅಧಿಕೃತ ಭಾಷೆಗಳ ಕಾಯ್ದೆಯಲ್ಲಿದೆ. ಕಾಯ್ದೆಯ ವಿಷಯ ನಾವು ನಿಮಗೆ ಹೇಳಿಕೊಡಬೇಕಾ?

ಎಲ್ಲಕ್ಕಿಂತ ಸಿಟ್ಟು ಬಂದದ್ದು ನಿಮ್ಮ ಕೌಂಟರಿನಲ್ಲಿ ಕೇಳಿದ ಮಾತಿಗೆ: ‘ಅಲ್ಲಿ ಈಗ ಎಷ್ಟು ಮನೆ ಉಂಟು?’ ಸ್ವಾಮಿ, ಬೀಗ ಹಾಕಿದ ಮನೆಯ ತೆರಿಗೆ ನೀವು ಬಿಟ್ಟದ್ದುಂಟಾ? ಇರುವವರು ಹೆಚ್ಚಿನವರು ಮುದುಕರು, ಬಂದು ಗಲಾಟೆ ಮಾಡುವುದಿಲ್ಲ, ಅಷ್ಟೇ ಅಲ್ವಾ ಕಾರಣ? ಮದರಸಕ್ಕೆ ಹೋಗುವ ಮಕ್ಕಳೂ ಇದೇ ನೀರಲ್ಲಿ ನಡೆಯುತ್ತವೆ.

ಬರೆಯಲು ಕೂತಾಗ ಉಳಿದದ್ದೂ ಹೇಳಿಬಿಡುತ್ತೇವೆ. ಖಾಲಿ ಮನೆಗಳ ಹಿತ್ತಿಲು ಪೇಟೆಯವರ ಕಸದ ಗುಂಡಿಯಾಗಿದೆ, ಅದಕ್ಕೆ ನಾಯಿಗಳ ಹಿಂಡು. ಸಿಮಿತ್ರಿ (ಸ್ಮಶಾನ) ತಿರುವಿನ ದೀಪ ಕೆಟ್ಟು ಎಷ್ಟು ಕಾಲವಾಯಿತೋ, ರಾತ್ರಿ ಶವ ಮಣ್ಣು ಮಾಡಲು ಹೋದವರು ಮೊಬೈಲ್ ಬೆಳಕಿನಲ್ಲಿ ದಾರಿ ಹುಡುಕಿದ್ದೂ ಆಗಿದೆ.

ಈಗ ಬೇಕಾದದ್ದು ಇಷ್ಟು. ಆಗಸ್ಟ್ 30ರೊಳಗೆ ಸ್ಲ್ಯಾಬ್ ಬದಲಾಯಿಸಿ, ಚರಂಡಿಯ ಹೂಳು ತೆಗೆಸಿ, ದೀಪ ಹಾಕಿಸಿ. ಮಳೆ ಬಿಟ್ಟ ಕೂಡಲೇ ಚರಂಡಿಯನ್ನು ತೋಡಿನವರೆಗೆ ಕಟ್ಟಿಸಿ. ಬಾವಿ ನೀರು ಪರೀಕ್ಷೆ ಮಾಡಿಸಿ. ಏನು ಮಾಡುತ್ತೀರಿ ಎಂದು ಲಿಖಿತವಾಗಿ, ಕನ್ನಡದಲ್ಲಿ ತಿಳಿಸಿ. ಆಗದಿದ್ದರೆ ಆಗುವುದಿಲ್ಲ ಎಂದಾದರೂ ಬರೆದು ಕೊಡಿ. ಈ ಸಲ ರಸ್ತೆ ಹೀಗೇ ಇದ್ದರೆ ಮೆರವಣಿಗೆ ನಿಮ್ಮ ಕಚೇರಿಯ ಎದುರಿನ ರಸ್ತೆಯಲ್ಲಿ ಹೋಗುತ್ತದೆ. ಅಲ್ಲಿ ಡಾಂಬರು ಚೆನ್ನಾಗಿದೆ.

ಇಂತಿ,
ಕುರಿಸು ರಸ್ತೆಯ ನಿವಾಸಿಗಳು
(ಸಹಿಗಳ ಹಾಳೆ ಲಗತ್ತಿಸಿದೆ)

ಪ್ರತಿ: ಜಿಲ್ಲಾಧಿಕಾರಿಯವರಿಗೆ, ವಾರ್ಡ್ ಸದಸ್ಯರಿಗೆ