ನಾಡಿದ್ದು ಸೋಮವಾರ

ಬೀಜಿಂಗ್
7 ನವೆಂಬರ್ 2009, ಶನಿವಾರ ರಾತ್ರಿ

ಪ್ರಿಯ ಸುರೇಶ,

ಇಲ್ಲಿ ಹನ್ನೊಂದು ಗಂಟೆ. ಇವಳು ಮಲಗಿದ್ದಾಳೆ. ನನ್ನ ಮೈಗೆ ಇನ್ನೂ ನ್ಯೂಜೆರ್ಸಿಯ ಹಗಲು, ನಿದ್ದೆಯ ಸುಳಿವಿಲ್ಲ. ನಾಳೆ ಬೆಳಿಗ್ಗೆ ವಿಮಾನ ಹತ್ತಿ ಹುನಾನ್ ಪ್ರಾಂತ್ಯದ ಚಾಂಗ್‌ಶಾಕ್ಕೆ ಹೋಗುತ್ತೇವೆ. ನಾಡಿದ್ದು ಸೋಮವಾರ ಮಧ್ಯಾಹ್ನ ಅಲ್ಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಹೆಸರು ಕೂಗುತ್ತಾರಂತೆ. ಕರೆದವರು ಮುಂದೆ ಹೋಗಿ ಮಗುವನ್ನು ಎತ್ತಿಕೊಳ್ಳಬೇಕು. ರೇಷನ್ ಅಂಗಡಿಯ ಹಾಗೆ ಎಂದು ನಾನು ಅಂದದ್ದಕ್ಕೆ ಇವಳಿಗೆ ಸಿಟ್ಟು ಬಂತು.

ನಮ್ಮ ದತ್ತಿನ ಕಾಗದಪತ್ರ ಬೀಜಿಂಗಿನಲ್ಲಿ ದಾಖಲಾದದ್ದು 2006ರ ಮಾರ್ಚಿನಲ್ಲಿ. ವರ್ಷದೊಳಗೆ ಮುಗಿಯುತ್ತದೆ ಎಂದುಕೊಂಡಿದ್ದೆವು. ಅರ್ಜಿಗಳ ಸಾಲು ಬೆಳೆಯುತ್ತ ಹೋಯಿತು, ಕಾಯುವುದೂ ಬೆಳೆಯಿತು. ಆನೆಯ ಬಸಿರು 22 ತಿಂಗಳಂತೆ. ನಮ್ಮದು 44. ಲೆಕ್ಕ ಹಾಕಿದರೆ ಸರಿಯಾಗಿ ಎರಡು ಆನೆ.

ನಮ್ಮ ಹಾಗೆ ಬಂದವರಿಗೆ ಮೊದಲೆರಡು ದಿನ ಊರು ತೋರಿಸುವುದು ವಾಡಿಕೆ. ಒಂಬತ್ತು ದಂಪತಿಗಳು, ಒಂದು ಬಸ್, ಬಾವುಟ ಹಿಡಿದ ಗೈಡ್ ಹುಡುಗಿ. ಹೆರಿಗೆ ಕೋಣೆಯ ಹೊರಗೆ ಶತಪಥ ಹಾಕುತ್ತಿರುವವನನ್ನು ಎಳೆದುಕೊಂಡು ಹೋಗಿ ಲಾಲ್‌ಬಾಗ್ ತೋರಿಸಿದರೆ ಅವನು ಏನು ನೋಡಿಯಾನು? ನಾವೂ ಅಷ್ಟೇ ನೋಡಿದೆವು.

ನಿನ್ನೆ ಮಹಾಗೋಡೆ. ಜುಯೊಂಗ್‌ಗುವಾನ್ ಎಂಬ ಕಣಿವೆಯ ಕೋಟೆ, ಊರಿನಿಂದ ಸುಮಾರು 50 ಕಿಲೋಮೀಟರ್. ಮೆಟ್ಟಿಲುಗಳು ಒಂದರಂತೆ ಒಂದಿಲ್ಲ. ಒಂದು ಗೇಣುದ್ದ, ಇನ್ನೊಂದು ಮೊಣಕಾಲುದ್ದ. ಅಂಗಿಯೊಳಗೆ ನನ್ನ ಸೊಂಟಕ್ಕೆ ಅನಾಥಾಲಯಕ್ಕೆ ಕೊಡಬೇಕಾದ ಹಣ ಕಟ್ಟಿಕೊಂಡಿದ್ದೆ. ಮಡಿಕೆಯಿಲ್ಲದ, ಗೀಚಿಲ್ಲದ ಹೊಸ ನೋಟುಗಳೇ ಆಗಬೇಕೆಂದು ನಮ್ಮನ್ನು ಕಳಿಸಿದವರ ಅಪ್ಪಣೆ. ಕುಳಿತರೆ ನೋಟಿಗೆ ಮಡಿಕೆ ಬಿದ್ದೀತೆಂಬ ಹೆದರಿಕೆಯಲ್ಲಿ ಎಲ್ಲಿಯೂ ಕೂರಲಿಲ್ಲ. ಜಗತ್ತಿನ ಅಚ್ಚರಿಯೊಂದನ್ನು ನಾನು ಹೊಟ್ಟೆ ಹಿಡಿದುಕೊಂಡೇ ಹತ್ತಿ ಇಳಿದೆ.

ಕೆಳಗೆ 1345ರಲ್ಲಿ ಕಟ್ಟಿ ಮುಗಿಸಿದ ಒಂದು ಕಲ್ಲಿನ ಕಮಾನು ಇದೆ. ಅದರ ಒಳಗೋಡೆಯಲ್ಲಿ ಆರು ಲಿಪಿಗಳಲ್ಲಿ ಬೌದ್ಧ ಮಂತ್ರ ಕೆತ್ತಿದ್ದಾರೆ. ಒಂದು ಸಂಸ್ಕೃತ ಎಂದು ಗೈಡ್ ಹೇಳಿದಳು, ನೀವು ಭಾರತದವರಲ್ಲವೇ, ಓದಿ ಎಂದಳು. ನೇಪಾಳದ ಕಡೆಯ ರಂಜನಾ ಲಿಪಿ, ಒಂದಕ್ಷರವೂ ಹತ್ತಲಿಲ್ಲ. ಉಳಿದ ಎಂಟು ದಂಪತಿಗಳ ಕಣ್ಣೂ ನನ್ನ ಮೇಲೆ. ಹೈಸ್ಕೂಲಿನ ಸಂಸ್ಕೃತ ತರಗತಿಯಲ್ಲಿ ಬೆಂಚಿನ ಮೇಲೆ ನಿಂತದ್ದು ನೆನಪಾಯಿತು. ನೀನೂ ಪಕ್ಕದಲ್ಲೇ ನಿಂತಿದ್ದೆ.

ಕಳೆದ ಭಾನುವಾರ ಇಲ್ಲಿ ಹಿಮ ಬಿದ್ದಿತ್ತು. ಸರ್ಕಾರವೇ ಮೋಡಕ್ಕೆ ಸಿಲ್ವರ್ ಅಯೋಡೈಡ್ ಹಾಕಿ ಬೀಳಿಸಿದ್ದು. ನಮ್ಮಲ್ಲಿಯೂ 2003ರಲ್ಲಿ ಮೋಡ ಬಿತ್ತನೆ ಮಾಡಿದ್ದರಲ್ಲ, ಅದೇ ವಿದ್ಯೆ. ಇಲ್ಲಿ ಹೇಳಿದ ಹೊತ್ತಿಗೆ ಮಗು ಒಂದನ್ನು ಬಿಟ್ಟು ಮಿಕ್ಕೆಲ್ಲ ಬೀಳುತ್ತದೆ ಎಂದು ನಗಾಡಿದೆವು.

ಈ ದಿನ ಅರಮನೆ. ಟಿಕೆಟ್ ಕಿಟಕಿಯ ಪಕ್ಕದ ಗೋಡೆಗೆ ಎತ್ತರದ ಗೆರೆ ಎಳೆದಿದ್ದಾರೆ; 1.2 ಮೀಟರಿಗಿಂತ ಕುಳ್ಳಗಿರುವ ಮಕ್ಕಳಿಗೆ ಟಿಕೆಟ್ ಬೇಡ. ಮಗಳ ವರದಿಯಲ್ಲಿ 70 ಸೆಂಟಿಮೀಟರ್ ಎಂದು ಬರೆದಿತ್ತು. ಅದು ಎಲ್ಲಿಗೆ ಬರುತ್ತದೆ ಎಂದು ಬಗ್ಗಿ ಕೈಯಿಟ್ಟು ನೋಡಿದೆ. ನನ್ನ ಮೊಣಕಾಲಿಗಿಂತ ಒಂದು ಗೇಣು ಮೇಲೆ. ಹಿಂದೆ ನಿಂತವನು ಗೊಣಗಿದ, ಆದರೂ ಇನ್ನೊಮ್ಮೆ ನೋಡಿದೆ. ಬಂದಮೇಲೆ ನಾನು ಮನಸ್ಸಿಟ್ಟು ನೋಡಿದ್ದು ಅದೊಂದೇ.

ಇಲ್ಲ, ಇನ್ನೊಂದಿದೆ. ದೊಡ್ಡ ಸಭಾಂಗಣದ ಎದುರು ಗೈಡ್ ಕೊನೆಯ ಚಕ್ರವರ್ತಿ ಪು ಯಿಯ ಕಥೆ ಹೇಳಿದಳು. 1908ರ ಚಳಿಗಾಲದಲ್ಲಿ, ಇನ್ನೂ ಮೂರು ತುಂಬದ ಅವನನ್ನು ಮನೆಯಿಂದ ಎತ್ತಿಕೊಂಡು ಬಂದು ಈ ಸಿಂಹಾಸನದ ಮೇಲೆ ಕೂರಿಸಿದರು. ಮಕ್ಕಳಿಲ್ಲದೆ ಸತ್ತ ಹಿಂದಿನ ಚಕ್ರವರ್ತಿಯೊಬ್ಬನ ದತ್ತುಮಗ ಎಂಬ ಲೆಕ್ಕದಲ್ಲಿ. ಅಧಿಕಾರಿಗಳೆಲ್ಲ ಸಾಲಾಗಿ ಅಡ್ಡಬೀಳುತ್ತಿದ್ದರೆ ಮಗು ಮನೆಗೆ ಹೋಗಬೇಕೆಂದು ರಚ್ಚೆ ಹಿಡಿದು ಅತ್ತಿತಂತೆ. ಹೆತ್ತ ತಂದೆ ಪಕ್ಕದಲ್ಲಿ ಮಂಡಿಯೂರಿ, ಇನ್ನೇನು ಮುಗಿಯಿತು, ಅಳಬೇಡ ಎಂದು ಸಮಾಧಾನ ಮಾಡುತ್ತಿದ್ದ. ಹಾಲೂಡಿಸುವ ದಾದಿಯ ಹತ್ತಿರ ಹೋದರೆ ಮಾತ್ರ ಸುಮ್ಮನಾಗುತ್ತಿತ್ತಂತೆ.

ಉಳಿದವರು ಫೋಟೊ ತೆಗೆಯಲು ಚದುರಿದರು. ನನಗೆ ಕಾಲು ಏಳಲಿಲ್ಲ. ಸೋಮವಾರ ನಮ್ಮ ಪಾಲಿಗೆ ಹಬ್ಬ. ಅವಳ ಪಾಲಿಗೆ? ಹದಿಮೂರು ತಿಂಗಳ ಮಗು, ಮುಖ ಗುರುತು ಹಿಡಿಯುವ ವಯಸ್ಸು. ಯಾವಳೋ ಒಬ್ಬ ದಾದಿಯ ಹೆಗಲಿನ ವಾಸನೆಯೇ ಅವಳಿಗೆ ಮನೆ. ಅದನ್ನು ಕಿತ್ತು, ನಮ್ಮಂಥ ಕಪ್ಪು ಮುಖದ, ಮೀಸೆಯ ಅಪರಿಚಿತನ ಕೈಗೆ ಹಾಕುತ್ತಾರೆ. 44 ತಿಂಗಳಲ್ಲಿ ನಾನು ಕೋಣೆಗೆ ಬಣ್ಣ ಹೊಡೆಸಿದೆ, ಕಾರಿಗೆ ಮಗುವಿನ ಸೀಟು ಕೊಂಡೆ. ಅವಳು ಅತ್ತರೆ ಏನು ಹೇಳಬೇಕೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಮೀಸೆ ತೆಗೆಯಲೇ ಎಂದು ಇವಳನ್ನು ಕೇಳಿದೆ. ಬಣ್ಣ ಏನು ಮಾಡುತ್ತೀರಿ ಎಂದು ನಕ್ಕಳು.

ಬಸ್ಸಿನಲ್ಲಿ ಗೈಡ್ ನಾಲ್ಕು ಮಾತು ಕಲಿಸಿದಳು. ಅಮ್ಮನಿಗೆ 'ಮಾಮಾ'. ಅಪ್ಪನಿಗೆ 'ಬಾಬಾ'. ಇವಳು ನನ್ನ ಮುಖ ನೋಡಿದಳು. ನಾನು ಕೈಚಾಚಿ ನಮ್ಮ ಭಾಷೆಯಲ್ಲಿ ಬಾ ಬಾ ಎಂದು ಕರೆದರೆ, ಅವಳ ಕಿವಿಗೆ ಅದು ಅಪ್ಪ, ಅಪ್ಪ ಎಂದು ಬೀಳುತ್ತದೆ. ಸ್ವರದ ಏರಿಳಿತ ಬೇರೆ ಎಂದು ಗೈಡ್ ನಾಲ್ಕೈದು ಸಲ ತಿದ್ದಿದಳು, ನನಗೆ ಬರಲಿಲ್ಲ. ಕರೆದಂತೆಯೇ ಬರುತ್ತಿತ್ತು.

ಅಮ್ಮ ನಿನ್ನೆ ಫೋನಿನಲ್ಲಿ ನಕ್ಷತ್ರ ಕೇಳಿದಳು. ಹುಟ್ಟಿದ ದಿನವನ್ನು ಅಂದಾಜಿನಲ್ಲಿ ಬರೆದಿದ್ದಾರೆ, ಹೊತ್ತು ಯಾರಿಗೂ ಗೊತ್ತಿಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೇಗಿಲಿಗೆ ಸಿಕ್ಕಿದವಳಿಗೆ ಜನಕ ಯಾವ ಜಾತಕ ಬರೆಸಿದ್ದ, ಬಿಡು" ಎಂದಳು. ಮೂರು ವರ್ಷದ ಹಿಂದೆ ಅವಳು ಹೇಳಿದ್ದು ಬೇರೆ, ಅದು ನಿನಗೂ ಗೊತ್ತು.

ಮಗುವಿನ ಪಾಸ್‌ಪೋರ್ಟ್ ಆಗುವ ತನಕ ಚಾಂಗ್‌ಶಾದಲ್ಲೇ ಇರಬೇಕು. ಅಲ್ಲಿಯ ಮ್ಯೂಸಿಯಂನಲ್ಲಿ 2,100 ವರ್ಷ ಹಳೆಯ ರೇಷ್ಮೆ ನಿಲುವಂಗಿ ಇದೆ, ತೂಕ 49 ಗ್ರಾಂ. ನಮ್ಮ ಕಾವ್ಯಗಳ ಚೀನಾಂಬರ ಹೀಗೇ ಇತ್ತೇನೋ. ಅವಳನ್ನು ಎತ್ತಿಕೊಂಡು ಹೋಗಿ ನೋಡುವ ಆಸೆಯಿದೆ. ತೆಳ್ಳಗೆ ಬಟ್ಟೆ ಹಾಕಿ ಹೊರಗೆ ಕರೆದೊಯ್ದರೆ ಬೀದಿಯ ಅಜ್ಜಿಯರು ತಡೆದು ಬೈಯುತ್ತಾರಂತೆ, ಆದ್ದರಿಂದ ನಾಲ್ಕು ಪದರ ಸ್ವೆಟರ್ ಹೊತ್ತು ತಂದಿದ್ದೇವೆ.

ತೀರ್ಥಹಳ್ಳಿಗೆ ಹೋದರೆ ಮನೆಯ ಕಡೆ ಒಂದು ಹೆಜ್ಜೆ ಹೋಗಿ ಬಾ. ಅಮ್ಮ ಅಟ್ಟದಿಂದ ತೊಟ್ಟಿಲು ಇಳಿಸಿ ಹುಣಸೆಹಣ್ಣು ಹಾಕಿ ಹಿತ್ತಾಳೆ ತಿಕ್ಕಿಸುತ್ತಿದ್ದಾಳಂತೆ. ಹದಿಮೂರು ತಿಂಗಳ ಮಗು ತೊಟ್ಟಿಲಲ್ಲಿ ನಿಲ್ಲುವುದಿಲ್ಲ ಎಂದು ನಾನು ಹೇಳಲಾರೆ. ನೀನೂ ಹೇಳಬೇಡ. ಹಗ್ಗ ಗಟ್ಟಿಯಿದೆಯೇ ನೋಡಿ ಬಾ.

ನಿನ್ನ
ಗಣೇಶ