ಹಳೆ ಜೀಪಿನ ಗೇರ್‌ಬಾಕ್ಸ್: ಸಾರಿಗೆ ಇಲಾಖೆ ಬರೆದು ಹೇಳಲಿ

ಸಂಪಾದಕರಿಗೆ ನಮಸ್ಕಾರ.

ಹಳೆ ಡೀಸೆಲ್ ಗಾಡಿಗೆ ಐದು ಗೇರಿನ ಬಾಕ್ಸ್ ಹಾಕಿಸಿದರೆ ಮೈಲೇಜ್ ಜಾಸ್ತಿ, ಸದ್ದು ಕಡಿಮೆ ಎಂದು ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಸುಳ್ಳಲ್ಲ. ಆದರೆ ಬರೆದವರು ಶಿವಮೊಗ್ಗದಿಂದ ಭದ್ರಾವತಿ ಕಡೆಗೆ ಓಡಿಸಿ ನೋಡಿದ ಹಾಗಿದೆ, ಹುಲಿಕಲ್ ಘಾಟಿ ಕಡೆಗೆ ತಿರುಗಿದಂತಿಲ್ಲ.

ನಮ್ಮದು ಹೊಸನಗರ ತಾಲ್ಲೂಕಿನ ಅಡಿಕೆ ತೋಟದ ಮನೆ. ಮಾವನವರು ಕೊಂಡ ಮಹೀಂದ್ರ ಎಂಎಂ 540 ಜೀಪು ಇನ್ನೂ ಇದೆ. ಓಡಿಸುವವಳು ನಾನೇ. (ಮನೆಯವರಿಗೆ ಕ್ಲಚ್ ತುಳಿದರೆ ಮಂಡಿ ನೋವು. ನನಗೆ ಪಕ್ಕದಲ್ಲಿ ಕೂತು ಅವರು ಓಡಿಸುವುದನ್ನು ನೋಡಿದರೆ ತಲೆನೋವು.) 2,112 ಸಿಸಿಯ ಪ್ಯೂಜೊ ಡೀಸೆಲ್ ಎಂಜಿನ್, ಕೊಂಡಾಗ ನಾಲ್ಕು ಗೇರ್, ಬೇಕಾದಾಗ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಎಳೆತ ಕೊಡುವ ಫೋರ್ ವೀಲ್. ಅಂಗಳದಿಂದ ಟಾರ್ ರಸ್ತೆವರೆಗೆ ಜಂಬಿಟ್ಟಿಗೆ ಮಣ್ಣಿನ ಏರು. ಮಳೆಗಾಲದಲ್ಲಿ ಫೋರ್ ವೀಲ್ ಹಾಕದೆ ಹತ್ತುವ ಮಾತೇ ಇಲ್ಲ.

ಅಡಿಕೆ ಮೂಟೆ ಹೇರಿಕೊಂಡು ರಿಪ್ಪನ್‌ಪೇಟೆ, ಆಯನೂರು ಮೇಲೆ ಶಿವಮೊಗ್ಗದ ಮಂಡಿಗೆ ಹೋಗುವಾಗ ನಾಲ್ಕು ಗೇರಿನ ಕಷ್ಟ ಗೊತ್ತಾಗುತ್ತಿತ್ತು. ಅರವತ್ತು ದಾಟಿತೋ, ಎಂಜಿನ್ ಅರಚಲು ಶುರು. ನಾಲ್ಕನೇ ಗೇರಿನಲ್ಲಿ ಎಂಜಿನ್ ಒಂದು ಸುತ್ತು ತಿರುಗಿದರೆ ಬಾಕ್ಸಿನಿಂದ ಹೊರಗೆ ಬರುವುದೂ ಒಂದೇ ಸುತ್ತು. ಐದನೆಯದರಲ್ಲಿ ಎಂಜಿನ್ ಎಂಬತ್ತು ಚಿಲ್ಲರೆ ಸುತ್ತು ತಿರುಗಿದರೆ ಸಾಕು, ಹೊರಗೆ ನೂರು ಸಿಗುತ್ತದೆ. ಎಂಜಿನ್ ನಿಧಾನಕ್ಕೆ ತಿರುಗುತ್ತದೆ, ಡೀಸೆಲ್ ಉಳಿಯುತ್ತದೆ. ಅಷ್ಟೇ. ಎಂಜಿನ್ನಿಗೆ ಹೊಸ ಶಕ್ತಿಯೇನೂ ಬರುವುದಿಲ್ಲ. ಏರಿನಲ್ಲಿ ಐದನೇ ಗೇರ್ ಇದ್ದೂ ಇಲ್ಲದ ಹಾಗೆ.

ನಮ್ಮಲ್ಲಿ ಲೆಕ್ಕಕ್ಕೆ ಬರುವುದು ಕೆಳಗಿನ ಗೇರು. ಘಾಟಿ ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಎಂದು ಮಾವನವರು ನನಗೆ ಕಲಿಸಿದ್ದರು. ಮಾಸ್ತಿಕಟ್ಟೆ ದಾಟಿ ಹೊಸಂಗಡಿ ಕಡೆಗೆ ಇಳಿಯುವಾಗ ಸೆಕೆಂಡಿನಲ್ಲಿ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ನಮ್ಮ ಜೀಪಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಸುಮ್ನೆ ಬ್ರೇಕ್ ತುಳಿಯುತ್ತಾ ಇಳಿದರೆ ಕೆಳಗೆ ಬರುವಷ್ಟರಲ್ಲಿ ಲೈನರ್ ಕಾದು ವಾಸನೆ ಬರುತ್ತದೆ, ಆಮೇಲೆ ಬ್ರೇಕ್ ಹಿಡಿಯುವುದಿಲ್ಲ. ಅಂಥ ಇಳಿಜಾರಿನಲ್ಲಿ ಗೇರ್ ತಾನಾಗಿ ಜಂಪ್ ಆಗಿ ನ್ಯೂಟ್ರಲ್‌ಗೆ ಬಿದ್ದರೆ ಏನಾದೀತು, ಯೋಚಿಸಿ.

ಹಾಗಂತ ನಾನು ಐದನೇ ಗೇರಿನ ವಿರೋಧಿಯಲ್ಲ. ನಮ್ಮ ಜೀಪಿಗೂ ಹಾಕಿಸಿದ್ದೇವೆ. ಬಾಕ್ಸ್ ಬಿಚ್ಚಿಸುವಾಗ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ಮೆಕ್ಯಾನಿಕ್ ಗುಜರಿಯಿಂದ ತಂದ ಬಾಕ್ಸಿನ ಆಯಿಲ್ ಬಸಿದು, ಎರಡು ಬೆರಳಲ್ಲಿ ಉಜ್ಜಿ ನನಗೆ ತೋರಿಸಿದರು. ಕಪ್ಪು ಆಯಿಲ್‌ನಲ್ಲಿ ಹಳದಿ ಮಿಂಚು. "ಅಮ್ಮಾ, ಇದು ಗೇರ್ ಸದ್ದಿಲ್ಲದೆ ಬೀಳೋಕೆ ಇರೋ ಬ್ರಾಸ್ ರಿಂಗ್ ಸವೆದ ಪುಡಿ. ಈ ಬಾಕ್ಸ್ ಹೀಗೇ ಕೂರಿಸಿದ್ರೆ ಸೆಕೆಂಡ್ ಗೇರ್ ಕಿರ್ ಅನ್ನುತ್ತೆ" ಎಂದರು. ರಿಂಗು, ಬೇರಿಂಗು, ಸೀಲು ಎಲ್ಲ ಹೊಸದು ಹಾಕಿದ ಮೇಲೆಯೇ ಬಾಕ್ಸ್ ಮೇಲಕ್ಕೆ ಹೋಯಿತು. ನಮ್ಮದು ಗಿಡ್ಡ ಜೀಪು. ಹೊಸ ಬಾಕ್ಸ್ ಉದ್ದ. ಹಾಗಾಗಿ ಅದರ ಹಿಂದೆ ಕೂರುವ ಫೋರ್ ವೀಲಿನ ಬಾಕ್ಸ್ ಇನ್ನೂ ಹಿಂದಕ್ಕೆ ಸರಿಯಿತು. ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ತಿರುಗುವ ಉದ್ದ ಕೊಳವೆ, ಅಂದರೆ ಪ್ರೊಪೆಲ್ಲರ್ ಶಾಫ್ಟ್, ಕತ್ತರಿಸಿ ಗಿಡ್ಡ ಮಾಡಿಸಿ, ಬ್ಯಾಲೆನ್ಸ್ ಮಾಡಿಸಬೇಕಾಯಿತು. ಮುಂದಿನದು ಉದ್ದ ಆಯಿತು. ಈ ಖರ್ಚನ್ನು ಮೊದಲೇ ಯಾರೂ ಹೇಳುವುದಿಲ್ಲ. ಗಿಡ್ಡ ಶಾಫ್ಟು ಓರೆ ಜಾಸ್ತಿಯಾಗಿ ತಿರುಗುವುದರಿಂದ ಅದರ ತುದಿಯ ಕೀಲು, ಅಂದರೆ ಕ್ರಾಸು, ಬೇಗ ಸವೆಯುತ್ತದೆ, ಗ್ರೀಸ್ ಮರೆಯುವಂತಿಲ್ಲ.

ನಮ್ಮ ಭಾವನ ಜೀಪಿನ ಕಥೆ ಬೇರೆ. ಅವರು ಕೊಟ್ಟ ವರ್ಕ್‌ಶಾಪಿನವರು ಹಿಂದಿನ ಎರಡೇ ಚಕ್ರ ತಿರುಗಿಸುವ, ಸಿಕ್ಕಿದ ಟೂ ವೀಲ್ ಬಾಕ್ಸ್ ಕೂರಿಸಿ, ಫೋರ್ ವೀಲನ್ನೇ ಕಿತ್ತು ಗೋಣಿಚೀಲಕ್ಕೆ ಹಾಕಿ ಕೈಗೆ ಕೊಟ್ಟರು. "ಈಗ ಯಾರು ಫೋರ್ ವೀಲ್ ಹಾಕ್ತಾರೆ ಸಾರ್" ಅಂದರಂತೆ. ಮೈಲೇಜ್ ಇನ್ನೂ ಬರಲಿ ಎಂದು ಹಿಂದಿನ ಆಕ್ಸಲ್ ಒಳಗೆ ಚಕ್ರ ತಿರುಗಿಸುವ ಹಲ್ಲಿನ ಜೋಡಿ, ಅಂದರೆ ಕ್ರೌನ್ ಪಿನಿಯನ್ನೂ ಬದಲಿಸಿದ್ದರು. ಅದರಿಂದ ಎಲ್ಲ ಗೇರೂ ಒಂದೊಂದು ಮೆಟ್ಟಿಲು ಮೇಲೆ ಹೋದ ಹಾಗಾಯಿತು. ಫಸ್ಟ್ ಗೇರಿನಲ್ಲೇ ಕ್ಲಚ್ ಅರ್ಧ ಹಿಡಿದುಕೊಂಡು ಏರು ಹತ್ತಿಸಬೇಕು. ಬಿಲ್ ಕೊಡಿ ಎಂದರೆ ಇಲ್ಲ. ಇನ್ನು ಫೋರ್ ವೀಲ್ ಉಳಿಸಿಕೊಂಡು ಹಿಂದಿನ ಕ್ರೌನ್ ಪಿನಿಯನ್ ಮಾತ್ರ ಬದಲಿಸುವವರೂ ಇದ್ದಾರಂತೆ. ಅದು ಇನ್ನೂ ಅಪಾಯ. ಮುಂದಿನ, ಹಿಂದಿನ ಕ್ರೌನ್ ಪಿನಿಯನ್ನಿನ ಹಲ್ಲಿನ ಲೆಕ್ಕ ಒಂದೇ ಇರಬೇಕು. ಇಲ್ಲದಿದ್ದರೆ ಗಟ್ಟಿ ರಸ್ತೆಯಲ್ಲಿ ಫೋರ್ ವೀಲ್ ಹಾಕಿದ ಕೂಡಲೇ ಒಂದನ್ನೊಂದು ಎಳೆದಾಡಿ ಏನಾದರೂ ಮುರಿಯುತ್ತದೆ.

ಬಿಲ್ ಯಾಕೆ ಕೊಡುವುದಿಲ್ಲ ಎಂಬುದೇ ನಾನು ಈ ಪತ್ರ ಬರೆಯಲು ಕಾರಣ. ಈ ಕೆಲಸ ಕಾನೂನಿನಲ್ಲಿ ಸರಿಯೋ ತಪ್ಪೋ ಎಂದು ಕೇಳಿದರೆ ಯಾರೂ ನೇರ ಉತ್ತರ ಕೊಡುವುದಿಲ್ಲ. ಆರ್‌ಸಿಯಲ್ಲಿ ಎಂಜಿನ್ ನಂಬರ್ ಇದೆ, ಚಾಸಿ ನಂಬರ್ ಇದೆ, ಬಣ್ಣ ಕೂಡ ಇದೆ. ಗೇರ್‌ಬಾಕ್ಸ್ ಬಗ್ಗೆ ಒಂದಕ್ಷರ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುವುದು ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕೆ ಹೊಂದದ ಹಾಗೆ ಗಾಡಿ ಬದಲಿಸಬಾರದು ಎಂದು. ಕಂಪನಿಯ ಮೂಲ ವಿನ್ಯಾಸಕ್ಕೆ ವಿರುದ್ಧ ಬದಲಾವಣೆ ಸಲ್ಲದು ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಸರಿ. ಆದರೆ ಅದೇ ಕಂಪನಿ, ತಾನೇ ಆಮೇಲೆ ತಂದ ಗಾಡಿಗೆ ಹಾಕಿದ ಬಾಕ್ಸು ಇದರಲ್ಲಿ ಎಲ್ಲಿಗೆ ಬರುತ್ತದೆ? ಒಂದು ಕಚೇರಿಯಲ್ಲಿ ಕೇಳಿದೆ. ಒಬ್ಬರು "ಆರ್‌ಸಿಲಿ ಇಲ್ಲ ಅಲ್ವಾ, ಹಾಕ್ಸಿ" ಎಂದರು. ಪಕ್ಕದ ಟೇಬಲಿನವರು "ಬೇಡ, ನಾಳೆ ಇನ್ಶೂರೆನ್ಸ್‌ನವರು ತಕರಾರು ಮಾಡ್ತಾರೆ" ಎಂದರು. ಬರೆದು ಕೊಡಿ ಎಂದಾಗ ಇಬ್ಬರೂ ಫೈಲಿನಲ್ಲಿ ಮುಖ ಹುದುಗಿಸಿದರು.

ಹೀಗೆ ಗೊತ್ತುಗುರಿ ಇಲ್ಲದಿರುವುದರಿಂದಲೇ ಕೆಲಸ ಕದ್ದು ನಡೆಯುತ್ತದೆ. ಕದ್ದು ನಡೆಯುವ ಕೆಲಸಕ್ಕೆ ಬಿಲ್ ಇಲ್ಲ, ಗ್ಯಾರಂಟಿ ಇಲ್ಲ. ಹದಿನೈದು ವರ್ಷ ದಾಟಿದ ನಮ್ಮ ಗಾಡಿಗಳನ್ನು ಐದೈದು ವರ್ಷಕ್ಕೊಮ್ಮೆ ಹೇಗೂ ತಪಾಸಣೆಗೆ ಒಯ್ಯುತ್ತೇವೆ. ಆಗ ಗೇರ್‌ಬಾಕ್ಸ್ ಬದಲಾಗಿದೆಯಾ, ಶಾಫ್ಟ್ ಸರಿಯಾಗಿ ಕೂತಿದೆಯಾ, ಇಳಿಜಾರಿನಲ್ಲಿ ಸೆಕೆಂಡ್ ಗೇರ್ ನಿಲ್ಲುತ್ತದಾ ಎಂದು ನೋಡಲಿ. ಯಾವ ಗಾಡಿಗೆ ಯಾವ ಬಾಕ್ಸ್ ಹಾಕಬಹುದು, ಯಾವುದು ಕೂಡದು ಎಂದು ಇಲಾಖೆ ಕನ್ನಡದಲ್ಲಿ ಒಂದು ಪಟ್ಟಿ ಮಾಡಿ ಶಿವಮೊಗ್ಗ, ಸಾಗರದ ಕಚೇರಿಗಳ ಬೋರ್ಡಿಗೆ ಹಚ್ಚಲಿ. ಕೂಡದು ಎಂದಾದರೆ ಅದನ್ನೂ ಬರೆಯಲಿ, ನಾವು ನಾಲ್ಕು ಗೇರಿನಲ್ಲೇ ಬದುಕುತ್ತೇವೆ.

ಇದಕ್ಕೊಂದು ಶುಲ್ಕ ಇಟ್ಟರೂ ತಕರಾರಿಲ್ಲ. 2022ರ ಏಪ್ರಿಲ್‌ನಿಂದ ಹಳೆ ಕಾರಿನ ನೋಂದಣಿ ನವೀಕರಣ 600 ರೂಪಾಯಿಯಿಂದ 5,000ಕ್ಕೆ ಏರಿದಾಗಲೂ ಸಾಲಿನಲ್ಲಿ ನಿಂತು ಕಟ್ಟಿದವರೇ ನಾವು.

ಇಂತಿ,
ನಿಮ್ಮ ಓದುಗಿ, ಅಡಿಕೆ ಬೆಳೆಗಾರ್ತಿ
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ