ಬಾಗಿಲಲ್ಲಿ ನಿಂತವರನ್ನೂ ನೆನೆಯೋಣ

ಮಾನ್ಯರೇ,

ಕೋರ್ಟ್ ಅಂದರೆ ಜಡ್ಜ್, ವಕೀಲರು ನೆನಪಾಗುತ್ತಾರೆ, ಬಾಗಿಲಲ್ಲಿ ನಿಂತವರು ನೆನಪಾಗುವುದಿಲ್ಲ ಅಲ್ವಾ? 2010ರ ಜನವರಿ 4ರ ಬೆಳಿಗ್ಗೆ ಅಮೆರಿಕದ ಲಾಸ್ ವೇಗಸ್‌ನ ಫೆಡರಲ್ ಕೋರ್ಟಿಗೆ ಕೋಟಿನೊಳಗೆ ಶಾಟ್‌ಗನ್ ಅಡಗಿಸಿಕೊಂಡು ಬಂದವನೊಬ್ಬ ತಪಾಸಣೆಯ ಜಾಗದಲ್ಲೇ ಗುಂಡು ಹಾರಿಸಿದ. ಅವನ ಸಿಟ್ಟು ಸರ್ಕಾರದಿಂದ ಬರುತ್ತಿದ್ದ ಸೋಷಿಯಲ್ ಸೆಕ್ಯುರಿಟಿ ಹಣ ಕಡಿಮೆಯಾಯಿತು ಎಂದು. ಆದರೆ ಅವನ ಗುಂಡಿಗೆ ಬಲಿಯಾದದ್ದು ಬಾಗಿಲು ಕಾಯುತ್ತಿದ್ದ ಸ್ಟ್ಯಾನ್ಲಿ ಕೂಪರ್. ಪೊಲೀಸ್ ಕೆಲಸದಿಂದ ನಿವೃತ್ತರಾದ ಮೇಲೂ ಸುಮ್ನೆ ಮನೆಯಲ್ಲಿ ಕೂರದೆ ಕಾವಲಿಗೆ ನಿಂತವರು, ವಯಸ್ಸು 72!

1992ರಲ್ಲಿ ಶಿಕಾಗೊ ಕೋರ್ಟ್ ಕಟ್ಟಡದಲ್ಲಿ ಕಾವಲಿಗಿದ್ದ ಹ್ಯಾರಿ ಬೆಲ್ಯುವೊಮಿನಿ, ಇವರೂ ನಿವೃತ್ತ ಪೊಲೀಸರೇ, ಗುಂಡೇಟು ಬಿದ್ದ ಮೇಲೂ ತಪ್ಪಿಸಿಕೊಳ್ಳುತ್ತಿದ್ದ ಕೈದಿಗೆ ತಿರುಗಿ ಹೊಡೆದು ಪ್ರಾಣ ಬಿಟ್ಟರು. ಇಂಥ ಸುದ್ದಿ ಬಂದಾಗ ಕೊಂದವನ ಫೋಟೊ ದೊಡ್ಡದಾಗಿ ಹಾಕಬೇಡಿ. ದಯವಿಟ್ಟು ಇವರದ್ದು ಹಾಕಿ.

- ಒಬ್ಬ ಓದುಗ